ದಾನಪ್ಪ ಉಪದೇಶಿಗಳ ತಾಯಿ

ದಾನಪ್ಪ ಉಪದೇಶಿಗಳು ಪಾಠ ಶುರುಮಾಡುವ ಮೊದಲು ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಶಿಡ್ಲಘಟ್ಟದ ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುವುದು ಅವರ ಕೆಲಸ. ಉತ್ತರ ಒಪ್ಪಿಸದೆ ಯಾರೂ ಹೊರಗೆ ಹೋಗುವಂತಿರಲಿಲ್ಲ.

"ದೀಕ್ಷಾಸ್ನಾನ ಇಲ್ದೆ ರಕ್ಷಣೆ ಇದೆಯಾ?"

"ಇಲ್ಲ ಸಾರ್."

"ಜೋರಾಗಿ ಹೇಳ್ರಪ್ಪ, ಊಟ ಮಾಡಿಲ್ವಾ?"

ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಆದರೆ ನಾನು ಜ್ವರ ಬಂದು ಮಲಗಿದಾಗ ಬನ್ನು ತಂದುಕೊಟ್ಟು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋದವರೂ ಅವರೇ.

ಮದುವೆಯಾಗದ ಅವರಿಗೆ ಮನೆಯಲ್ಲಿದ್ದದ್ದು ತಾಯಿ ಮುನಿಯಮ್ಮ ಒಬ್ಬರೇ. ಗಂಡ, ಮಗ ಕ್ರೈಸ್ತರಾದರೂ ಆಕೆ ಹುಣ್ಣಿಮೆಗೊಮ್ಮೆ ಕೈವಾರದ ದೇವಸ್ಥಾನಕ್ಕೆ ಬಸ್ಸು ಹತ್ತುವವರೇ. ದೀಕ್ಷಾಸ್ನಾನ ತಗೋ ಎಂದು ಮಗ ಎಷ್ಟು ಬೇಡಿಕೊಂಡರೂ "ನಾಕು ವದ್ದು ನಾಯನಾ" ಎಂದು ತೆಲುಗಿನಲ್ಲಿ ಬೇಡವೆಂದು ನಕ್ಕುಬಿಡುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಆಕೆ ಹಾಸಿಗೆ ಹಿಡಿದರು, ಪ್ರಜ್ಞೆ ತಪ್ಪಿತು. ಸಾಯುವವರಿಗೆ ಉಪದೇಶಿಯೇ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡಬಹುದಿತ್ತು. ನಮ್ಮದು ಪಕ್ಕದ ಮನೆ, ಕಣ್ಣಾರೆ ನೋಡಿದೆ. ನೀರಿನ ಲೋಟ ಹಿಡಿದು ಮಧ್ಯಾಹ್ನವೆಲ್ಲ ತಾಯಿಯ ತಲೆದೆಸೆಯಲ್ಲಿ ಕೂತರು. ಕೊನೆಗೆ ಚಮಚದಲ್ಲಿ ತುಟಿ ಒದ್ದೆ ಮಾಡಿದರು, ಅಷ್ಟೇ.

ಆಕೆ ತೀರಿಕೊಂಡ ಮೇಲೆ ಸಭೆಯ ಪಾದ್ರಿಗಳಾದ ಅಯ್ಯನವರು ಬಂದು, "ದೀಕ್ಷಾಸ್ನಾನ ಕೊಟ್ರಾ?" ಎಂದು ಕೇಳಿದರು. ಹೂಂ ಅಂದಿದ್ದರೆ ಸಮಾಧಿ ತೋಟದಲ್ಲಿ ಗಂಡನ ಪಕ್ಕ ಜಾಗ ಸಿಗುತ್ತಿತ್ತು.

"ಇಲ್ಲ ಅಯ್ಯನೋರೆ. ಬೇಡ ಅಂದಿದ್ಲು."

ಮುನಿಯಮ್ಮನನ್ನು ಕೆರೆಯಾಚೆ ಅವರ ತಮ್ಮನ ಹೊಲದಲ್ಲಿ ಮಣ್ಣು ಮಾಡಿದರು.

ಮುಂದಿನ ಭಾನುವಾರ ನನ್ನ ಹಾಳು ಬಾಯಿ ಕೇಳಿಯೇಬಿಟ್ಟಿತು. "ಹಾಗಾದ್ರೆ ನಿಮ್ಮಮ್ಮ ಎಲ್ಲಿದಾರೆ ಸಾರ್?"

ಉಪದೇಶಿಗಳು ಬಾಗಿಲು ಬಿಟ್ಟು ನನ್ನ ಹತ್ತಿರ ಬಂದರು. "ಎಲ್ರಿಗೂ ರಕ್ಷಣೆ ಇದೆ ಅಂದ್ರೆ ಇಷ್ಟು ವರ್ಷ ನಾನು ಹೇಳಿಕೊಟ್ಟಿದ್ದು ಸುಳ್ಳಾಗ್ತದೆ. ಇಲ್ಲ ಅಂದ್ರೆ ನಮ್ಮಮ್ಮ ನರಕದಲ್ಲಿದಾಳೆ. ನಾನು ಯಾವ ಕಡೆ ತಿರುಗ್ಲಿ, ನೀನೇ ಹೇಳಮ್ಮ."

ಪಾಠವನ್ನೇನೂ ಬಿಡಲಿಲ್ಲ. ಅವರ ಹೊಟ್ಟೆಪಾಡೂ ನಂಬಿಕೆಯೂ ಅಲ್ಲೇ ಇದ್ದವು. ದೀಕ್ಷಾಸ್ನಾನದ ಆ ಪ್ರಶ್ನೆಯನ್ನು ಮಾತ್ರ ಮೆಲ್ಲಗೆ ಕೇಳುತ್ತಿದ್ದರು.

ತೊಂಬತ್ತರ ದಶಕದಲ್ಲಿ ಅವರನ್ನು ಕೊನೆಯ ಸಲ ಕಂಡದ್ದು ಚಿಂತಾಮಣಿಯ ಆಸ್ಪತ್ರೆಯೊಂದರಲ್ಲಿ. ನನ್ನ ಕೈ ಹಿಡಿದುಕೊಂಡರು. "ನನ್ನನ್ನ ಅಮ್ಮನ ಪಕ್ಕಾನೇ ಮಣ್ಣು ಮಾಡಿ ಅಂತ ಸಭೆಯೋರಿಗೆ ಹೇಳಮ್ಮ. ಅವಳು ಎಲ್ಲಿದಾಳೋ ಅಲ್ಲೇ ನಾನೂ ಇರ್ತೀನಿ."

ಹೇಳ್ತೀನಿ ಸಾರ್ ಅಂದೆ.

ಸಭೆಯವರು ಅವರನ್ನು ಹೂವಿನಲ್ಲಿ ಮುಚ್ಚಿ ಸಮಾಧಿ ತೋಟಕ್ಕೆ ಹೊತ್ತರು. ಗುಂಡಿಯ ಬಳಿ ಅಯ್ಯನವರು, "ಯಾರಾದ್ರೂ ಎರಡು ಮಾತಾಡ್ತೀರಾ?" ಎಂದರು. ನಾನು ಮುಂದೆ ಹೋದೆ. ಉಪದೇಶಿಗಳು ಬಹಳ ಒಳ್ಳೆಯವರು ಎಂದಷ್ಟೇ ಹೇಳಿ ಹಿಂದೆ ಬಂದೆ. ಮುಂದಿನ ತಿಂಗಳು ಅದೇ ಸಭೆಯಲ್ಲಿ ನನ್ನ ಮದುವೆ ಆಗಬೇಕಿತ್ತು.