ಅಕ್ಕನ ಬೆಳ್ಳಿ ಕರಡಿಗೆ

ನನ್ನಕ್ಕ ಗಿರಿಜಾಂಬಾಳನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು? ಎತ್ತರದ ನಿಲುವು, ತುಂಬಿದ ಮೈ, ಯಾವ ರವಿಕೆ ತೊಟ್ಟರೂ ಅವಳಿಗೆಂದೇ ನೇಯ್ದಂತೆ. ನಾನೋ ಒಣಕಡ್ಡಿ. ಲಿಂಗಧಾರಣೆಯಾದಾಗ ಅಪ್ಪ ಅವಳ ಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಳ್ಳಲು ಬೆಳ್ಳಿಯ ಕರಡಿಗೆ ಮಾಡಿಸಿದರು, ನನ್ನದಕ್ಕೆ ಬಟ್ಟೆಯ ಚೀಲ. “ನೀನು ಎಲ್ಲಾದ್ರೂ ಕಳ್ಕೊಂಡ್ಬುಡ್ತೀಯ” ಎಂದರು. ಇವತ್ತಿನವರೆಗೂ ಒಂದು ಹೇರ್‌ಪಿನ್ನನ್ನೂ ಕಳೆದವಳಲ್ಲ ನಾನು.

ಮದುವೆಯಾದ ಮೇಲೆ ಇಬ್ಬರೂ ಕುವೆಂಪುನಗರದಲ್ಲೇ ನೆಲೆಸಿದೆವು, ಎರಡು ರಸ್ತೆ ಆಚೀಚೆ. ಭಾವ ರುದ್ರಸ್ವಾಮಿ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅಕ್ಕ ಲೂನಾ ಮೇಲೆ ಹೊರಟರೆ ತರಕಾರಿಯವನು ತಕ್ಕಡಿ ಮರೆತು ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತ ನಾನು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ತೊಂಬತ್ತೆಂಟರಲ್ಲಿ ಅವಳ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್. ಆಪರೇಷನ್ನಿನ ಬೆಳಿಗ್ಗೆ ಮೈಮೇಲೆ ಏನೂ ಇರಕೂಡದು ಎಂದು ನರ್ಸು ಹೇಳಿದಾಗ ಅಕ್ಕ ಕರಡಿಗೆಯನ್ನು ತೆಗೆದು ನನ್ನ ಕೊರಳಿಗೆ ಹಾಕಿದಳು. ನಮ್ಮಲ್ಲಿ ಲಿಂಗ ಮೈ ಬಿಟ್ಟು ಇರಬಾರದು. “ನಾನು ಕೇಳೋಗಂಟ ನಿನ್ ಮೈಮೇಲೇ ಇರ್ಲಿ ಕಣೇ” ಎಂದಳು. ಒಬ್ಬರ ಲಿಂಗ ಇನ್ನೊಬ್ಬರು ಧರಿಸುವುದುಂಟೇ ಎಂದು ನಮ್ಮತ್ತೆ ಗೊಣಗಿದರು. “ಮತ್ತೆ ಆಸ್ಪತ್ರೆ ಕಿಟಕಿ ಮೇಲೆ ಇಡ್ಲಾ?” ಎಂದೆ.

ಎದೆ ತೆಗೆದರು. ಔಷಧಿ ಏರಿಸಿದರು, ಕೂದಲು ಉದುರಿತು. ರೇಡಿಯೇಷನ್ ಕರೆಂಟು ಕೊಟ್ಟರು, ಚರ್ಮ ಕಪ್ಪಿಟ್ಟಿತು. ಅಷ್ಟೂ ದಿನ ಅಕ್ಕ ಗಟ್ಟಿಯಾಗಿಯೇ ಇದ್ದಳು. ಎಲ್ಲ ಮುಗಿದು, ಡಾಕ್ಟರು ಗುಣವಾಯಿತು ಎಂದು, ಭಾವ ರಸ್ತೆಗೆಲ್ಲ ಸಿಹಿ ಹಂಚಿದ ಮೇಲೆ ಕುಸಿದಳು. ಸಿದ್ಧಾರ್ಥನಗರದ ಒಂದು ಮದುವೆಗೆ ರವಿಕೆಯೊಳಗೆ ಕರ್ಚೀಫು ಮಡಿಸಿಟ್ಟುಕೊಂಡು ಹೋಗಿದ್ದಳು. ಊಟಕ್ಕೆ ಕೂತಾಗ ಅದು ಕತ್ತಿನ ಹತ್ತಿರಕ್ಕೆ ಸರಿದುಬಿಟ್ಟಿತು. ಎದುರು ಸಾಲಿನ ಹೆಂಗಸು ಪಕ್ಕದವಳನ್ನು ತಿವಿದು ತೋರಿಸಿದಳು.

ಅಲ್ಲಿಂದಾಚೆಗೆ ಅಕ್ಕ ಹೊಸಿಲು ದಾಟಲಿಲ್ಲ. ಸ್ನಾನ ಬೇಡ, ಊಟ ಬೇಡ, ಪೂಜೆ ಬೇಡ. ಗೋಡೆಗೆ ಮುಖ ಮಾಡಿ ಮಲಗಿಬಿಡುವಳು. ಭಾವನ ಹಾಸಿಗೆ ನಡುಮನೆಗೆ ಬಂತು. ಕರಡಿಗೆ ಕೊಡಲು ಹೋದರೆ “ಗಾಯಕ್ಕೆ ತಾಗುತ್ತೆ” ಎನ್ನುವಳು. ಗಾಯ ಮಾಯ್ದು ವರ್ಷ ಕಳೆದರೂ ಅದೇ ಮಾತು. ನೋಡಲು ಬಂದವರೆಲ್ಲ “ಜೀವ ಉಳೀತಲ್ಲ, ಇನ್ನೇನು ಬೇಕು?” ಎಂದು ಹೇಳಿ ಹೋಗುತ್ತಿದ್ದರು. ಅಷ್ಟಾದ ಮೇಲೆ ಅವಳು ಯಾರ ಹತ್ತಿರ ಏನಂತ ಹೇಳಿಕೊಳ್ಳಬೇಕು?

ಬಾಯಿಬಿಟ್ಟರೆ ಹೊಟ್ಟೆಕಿಚ್ಚು. ಕೈನೆಟಿಕ್ ಸ್ಕೂಟರಿನಲ್ಲಿ ಹೋಗುವ ಹುಡುಗಿಯರ ಮೇಲೆ, ಮಗುವಿಗೆ ಹಾಲೂಡಿಸುವ ಪಕ್ಕದ ಮನೆಯ ಸೊಸೆಯ ಮೇಲೆ, ಕಡೆಗೆ ಈ ಒಣಕಡ್ಡಿಯ ಮೇಲೂ. “ನಿಂಗೇನಮ್ಮ, ಎರಡು ಎದೆ, ಎರಡು ಲಿಂಗ. ಸಾಲದಾ?” ಎಂದಳು ಒಂದು ದಿನ. ಮೈಯೆಲ್ಲ ಉರಿದುಹೋಯಿತು. ಎದ್ದು ಬಂದುಬಿಟ್ಟೆ. ದಾರಿಯುದ್ದಕ್ಕೂ ಅಳು.

ಮುಂದಿನ ವಾರ ಬಲವಂತವಾಗಿ ಆಟೋ ಹತ್ತಿಸಿ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟೆ. “ಅವಳಿಗೇನು ಹುಚ್ಚಾ?” ಎಂದರು ಭಾವ. “ನಿಮಗೆ ಹಿಡಿಯೋಕೆ ಮುಂಚೆ ತೋರಿಸ್ಕೊಂಡು ಬರ್ತೀನಿ ಬುಡಿ” ಎಂದೆ. ಆ ಡಾಕ್ಟರಮ್ಮ ಅಕ್ಕನ ಮಾತನ್ನು ಪೂರ್ತಿ ಕೇಳಿದರು. “ಇದು ಖಿನ್ನತೆ ಕಣಮ್ಮ. ಆ ಕಾಯಿಲೆ ವಾಸಿಯಾದ್ಮೇಲೆ ಎಷ್ಟೋ ಹೆಂಗಸರಿಗೆ ಬರುತ್ತೆ. ಇದಕ್ಕೂ ಮಾತ್ರೆ ಇದೆ” ಎಂದರು. ನನ್ನನ್ನು ಈಚೆಗೆ ಕರೆದು, “ಇವರಿಗೆ ಮತ್ತೆ ಏನಾದ್ರೂ ಬೇಕು ಅನ್ನಿಸಬೇಕು, ಅದನ್ನ ಕಾಯ್ತಾ ಇರಿ” ಎಂದರು.

ಮಾತ್ರೆಯಿಂದ ನಿದ್ದೆ ಬಂತು, ಹಸಿವು ಬಂತು. ಆದರೆ ಸೀರೆ ಬೇಕಾ? ಬೇಡ. ಹೂವು ಬೇಕಾ? ಬೇಡ. ಕೇಳಿ ಕೇಳಿ ನನಗೆ ಸಾಕಾಗಿಹೋಯಿತು.

ಎರಡು ಸಾವಿರದ ಇಸವಿಯ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅಕ್ಕ ನಡೆದುಕೊಂಡು ನಮ್ಮ ಮನೆಗೆ ಬಂದಳು. ದಿನಾ ನಡೆಯಬೇಕೆಂದು ಡಾಕ್ಟರಮ್ಮ ಹೇಳಿದ್ದರು. ನಾನು ಮಠಕ್ಕೆ ಹೊರಟಿದ್ದೆ. ರೇಷ್ಮೆ ಸೀರೆ ಉಟ್ಟು, ವಿಭೂತಿಯಲ್ಲಿ ಉಜ್ಜಿದ ಅವಳ ಕರಡಿಗೆಯನ್ನು ಸೆರಗಿನ ಮೇಲೆ ಕಾಣುವ ಹಾಗೆ ಇಟ್ಟುಕೊಂಡು ಕನ್ನಡಿ ನೋಡುತ್ತಿದ್ದೆ. ಅಕ್ಕ ಹಿಂದೆ ಬಂದು ನಿಂತಳು.

“ಚೆನ್ನಾಗೇ ಒಪ್ಪಿದೆ ನಿಂಗೆ” ಎಂದಳು.

“ಒಪ್ಪದೇ ಏನು? ನಿಂಗಂತೂ ಬೇಡ. ಮುಂದೆ ಕರಡಿಗೇನ ನಿಶ್ಚಿತಾಗೆ ಕೊಟ್ಬುಡ್ತೀನಿ” ಎಂದೆ. ನಿಶ್ಚಿತಾ ನನ್ನ ಮಗಳು. ಸಿಟ್ಟಿಗೆ ಅಂದೆನೋ ಆಸೆಗೆ ಅಂದೆನೋ, ಎರಡೂ ಇತ್ತು.

ಅಕ್ಕನ ಮುಖ ಕೆಂಪಾಯಿತು. “ಯಾರಿಗೂ ಕೊಡಕೂಡದು. ನಾನು ಸತ್ರೆ ನನ್ ಜೊತೆ ಮಣ್ಣಿಗೆ ಹೋಗೋದು ಅದು. ಅಲ್ಲೀಗಂಟ ನನ್ ಮೈಮೇಲೆ ಇರ್ಬೇಕು. ತಾ ಇಲ್ಲಿ.”

ಬೇಕು ಎಂದಳು. ದಾರ ತೆಗೆಯುವಾಗ ಜಡೆಗೆ ಸಿಕ್ಕಿಕೊಂಡಿತು. ಅವಳೇ ಬಿಡಿಸಿ ಕಿತ್ತುಕೊಂಡಳು. ಬಾಗಿಲು ಹಾಕಿ, ನನ್ನೆದುರಿಗೇ ರವಿಕೆ ಬಿಚ್ಚಿದಳು. ಗಂಡನಿಗೂ ತೋರಿಸದಿದ್ದ ಆ ಎದೆಯನ್ನು ನಾನು ಮೊದಲ ಸಲ ನೋಡಿದೆ. ಎಡಗಡೆ ಚಪ್ಪಟೆ, ಕಂಕುಳಿನವರೆಗೆ ಹೊಲಿಗೆಯ ಗೆರೆ. ಅದರ ಮೇಲೆ ಬೆಳ್ಳಿಯ ಕರಡಿಗೆ ಬಂದು ಕೂತಿತು. ಅಕ್ಕ ಬೆನ್ನು ನೆಟ್ಟಗೆ ಮಾಡಿ ಕನ್ನಡಿಯಲ್ಲಿ ನೋಡಿಕೊಂಡಳು.

“ಹೊಟ್ಟೆ ಉರೀತಾ ಇದ್ಯಾ?” ಎಂದಳು.

“ಉರೀತಾ ಇದೆ” ಎಂದೆ. ಸುಳ್ಳಲ್ಲ.

“ಉರೀಲಿ ಬುಡು” ಎಂದು ಅಕ್ಕ ನಗುತ್ತ ರವಿಕೆಯ ಹುಕ್ಕು ಹಾಕಿಕೊಳ್ಳತೊಡಗಿದಳು.