ಅಯ್ಯನಾರ್ ಕಟ್ಟಿದ ಅರಿಶಿನದ ಬಟ್ಟೆ

ಹನುಮಂತನಪಟ್ಟಿಯ ಅಯ್ಯನಾರ್‌ನಷ್ಟು ಅಚ್ಚುಕಟ್ಟಾಗಿ ಕಂಬಿ ಕಟ್ಟುವವನು ತಮಿಳುನಾಡಿನ ಕಂಬಂ ಕಣಿವೆಯಲ್ಲೇ ಇರಲಿಲ್ಲ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಬೇರೆಯವರು ಹೊಗಳಲಿ ಎಂದು ಕಾಯುವ ಜಾಯಮಾನ ಅವನದಲ್ಲ. ಅಪ್ಪನ ಜೊತೆ ದ್ರಾಕ್ಷಿ ಚಪ್ಪರಕ್ಕೆ ತಂತಿ ಬಿಗಿದು ಪಳಗಿದ ಕೈ ಅದು. ಕಛ್‌ನಲ್ಲಿ ಭೂಕಂಪವಾದ ಮೇಲೆ ಅಲ್ಲಿಗೂ ಹೋಗಿ ಮೂರು ವರ್ಷ ದುಡಿದು ಬಂದಿದ್ದ.

ಅಲ್ಲಿ ಒಬ್ಬ ಇಂಜಿನಿಯರ್ ಕುಸಿದ ಗೋದಾಮಿನ ಬುಡ ಅಗೆಸಿ ಪೈಲುಗಳನ್ನು ತೋರಿಸಿದ್ದ. ನೆಲದಾಳಕ್ಕೆ ಇಳಿಸಿದ ಆ ಕಾಂಕ್ರೀಟ್ ಕಂಬಗಳು ಕೆಳಗೆಲ್ಲ ಗಟ್ಟಿಯಾಗಿದ್ದು, ಕಟ್ಟಡಕ್ಕೆ ಸೇರುವ ಕತ್ತಿನಲ್ಲಿ ಮಾತ್ರ ಮುರಿದಿದ್ದವು. ಭೂಕಂಪ ತಳ್ಳುವುದು ಪಕ್ಕಕ್ಕೆ. ಮೇಲಿನ ಮೆತ್ತನೆ ಮಣ್ಣು ಅತ್ತಿತ್ತ ಸರಿಯುತ್ತದೆ, ಬಂಡೆ ಕಚ್ಚಿದ ಬುಡ ಕದಲುವುದಿಲ್ಲ, ಕಟ್ಟಡ ತನ್ನ ಭಾರಕ್ಕೆ ಹಿಂದೆ ಉಳಿಯುತ್ತದೆ. ಬಳುಕುವ ಪಾಡೆಲ್ಲ ಕತ್ತಿನದು. ಅಲ್ಲಿ ಕಂಬಿಯ ಸುತ್ತ ನಾಲ್ಕು ಬೆರಳಿಗೊಂದು ಉಂಗುರ ಬಿಗಿದಿದ್ದರೆ ಪೈಲು ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಬುಡಕ್ಕೆ ಗೇಣಿಗೊಂದಿದ್ದರೂ ನಡೆಯುತ್ತದೆ.

ಊರಂಚಿನ ಗದ್ದೆಯಲ್ಲಿ ಕಂಟ್ರಾಕ್ಟರ್ ಶಿವಬಾಲನ್ ತನ್ನದೇ ಶಾಲೆ ಎಬ್ಬಿಸಹೊರಟಾಗ ನಲವತ್ತೆರಡು ಪೈಲಿನ ಕಂಬಿ ಕಟ್ಟಿದ್ದು ಅಯ್ಯನಾರ್. ಒಂದು ಉಂಗುರವೂ ತಪ್ಪಲಿಲ್ಲ. ಕೊನೆಗೆ ಒಂದೊಂದಕ್ಕೂ ಅರಿಶಿನದ ಬಟ್ಟೆ ಕಟ್ಟಿದ. ಎಲ್ಲರೂ ಅದನ್ನು ಕಂಬದ ತಲೆಗೆ ಕಟ್ಟುತ್ತಾರೆ. ಅವನಪ್ಪ ಚಪ್ಪರದ ಕಲ್ಲುಕಂಬ ನೆಡುವಾಗ ಭೂಮಿತಾಯಿ ಹಿಡಿದುಕೊಳ್ಳಲಿ ಎಂದು ಬುಡಕ್ಕೆ ಕಟ್ಟುತ್ತಿದ್ದ. ಮಗನೂ ಬುಡಕ್ಕೇ ಕಟ್ಟಿದ, ಆದರೆ ಯಾರಿಗೂ ಹೇಳಲಿಲ್ಲ.

ಕಟ್ಟಿದ ಕಂಬಿಗಳನ್ನು ಕೊರೆದ ಗುಂಡಿಗಳಿಗೆ ಇಳಿಸುವ ದಿನ ಅವನಿಗೆ ಜ್ವರ. ಕ್ರೇನಿನವರು ಹೊಸಬರು, ಬಟ್ಟೆ ಇದ್ದ ತುದಿಯೇ ತಲೆ ಎಂದುಕೊಂಡು ಅದಕ್ಕೇ ಕೊಕ್ಕೆ ಹಾಕಿ ಎತ್ತಿದರು. ಮಧ್ಯಾಹ್ನ ತಡೆಯಲಾರದೆ ಅಯ್ಯನಾರ್ ಎದ್ದು ಬಂದಾಗ ಹನ್ನೆರಡನೆಯದು ತಲೆಕೆಳಗಾಗಿ ನೇತಾಡುತ್ತಿತ್ತು. ಹನ್ನೊಂದು ಒಳಗೆ ಹೋಗಿ ಕಾಂಕ್ರೀಟೂ ಬಿದ್ದಿತ್ತು. ಅವನು ಕ್ರೇನ್ ನಿಲ್ಲಿಸಿ, ಒತ್ತಾದ ಉಂಗುರಗಳೆಲ್ಲ ಕತ್ತು ಬಿಟ್ಟು ಬುಡಕ್ಕೆ ಹೋದವೆಂದು ಶಿವಬಾಲನ್ ಹತ್ತಿರ ಹೇಳಿದ.

ಶಿವಬಾಲನ್ ಪೂರ್ತಿ ಕೇಳಿಸಿಕೊಂಡ. ಉಳಿದವನ್ನು ಸರಿಯಾಗಿಯೇ ಇಳಿಸಿದ. ಹನ್ನೊಂದರ ಪಕ್ಕ ಹೊಸ ಪೈಲು ಕೊರೆಯೋಣ ಎಂದು ಅಯ್ಯನಾರ್ ಅಂದಿದ್ದಕ್ಕೆ ಮಾತ್ರ ಒಪ್ಪಲಿಲ್ಲ. ಪೈಲಿನ ತಲೆಗೆ ಸುತ್ತಿಗೆಯಿಂದ ಬಡಿದು ನೋಡುವ ಯಂತ್ರ ತರಿಸಿದ, ಹನ್ನೊಂದೂ ಪಾಸಾದವು. ಆ ಯಂತ್ರಕ್ಕೆ ಬಿರುಕು ಗೊತ್ತಾಗುತ್ತದೆ, ಉಂಗುರದ ಲೆಕ್ಕ ಗೊತ್ತಾಗುವುದಿಲ್ಲ. ಅಯ್ಯನಾರ್ ಅದನ್ನೂ ಹೇಳಿದ.

"ಊರೆಲ್ಲಾ ಹೇಳ್ಕೊಂಡು ಬಾ ಪೆರಿಯವರೇ," ಎಂದ ಶಿವಬಾಲನ್, ಹಿರಿಯನೆಂಬ ಮರ್ಯಾದೆಯಲ್ಲೇ, ತಣ್ಣಗೆ. "ಬಟ್ಟೆ ಕಟ್ಟಿದ್ದು ಯಾರ್ ಕೈ ಅಂತಾನೂ ಹೇಳು."

ನಾಚಿಕೆಗೇಡು, ಆದರೆ ನಿಜ: ಹೆಸರು ಕೆಡುತ್ತದೆ ಎಂಬ ಹೆದರಿಕೆಯಲ್ಲಿ ಅಯ್ಯನಾರ್ ಒಂದೂವರೆ ವರ್ಷ ತೆಪ್ಪಗಿದ್ದ. ಅಷ್ಟರಲ್ಲಿ ಮೂರು ಮಾಳಿಗೆ ಎದ್ದವು. ಮಗಳು ಜೆಯಂತಿ ತನ್ನ ಹುಡುಗಿ ಯುವಶ್ರೀಯನ್ನು ಅಲ್ಲೇ ಒಂದನೇ ಕ್ಲಾಸಿಗೆ ಸೇರಿಸಿದಳು. ಬೇಡ ಎಂದ, ಯಾಕೆ ಎಂದರೆ ಹೇಳಲಿಲ್ಲ. ಒಂದನೇ ಕ್ಲಾಸು ಕೆಳಗಿನ ಮೂಲೆಯಲ್ಲಿ, ಆ ಹನ್ನೊಂದರ ಮೇಲೆಯೇ ಇತ್ತು.

ಶಾಲೆ ತೆರೆಯುವ ದಿನ ಶಿವಬಾಲನ್ ಅವನನ್ನು ವೇದಿಕೆಗೆ ಕರೆದು ಸನ್ಮಾನದ ಶಾಲು, ಪೊನ್ನಾಡೆ, ಹೊದಿಸಿದ. ಅಸ್ತಿವಾರ ಕಟ್ಟಿದ ಕೈ ಇದು ಎಂದು ಮೈಕ್ ಕೊಟ್ಟ. ಮುಂದಿನ ಸಾಲಿನಲ್ಲಿ ಯುವಶ್ರೀ ಹೊಸ ಯೂನಿಫಾರ್ಮಿನಲ್ಲಿ ಕುಳಿತಿದ್ದಳು. ಅವಳನ್ನು ನೋಡಿದ್ದೇ ತಡ, ಅಯ್ಯನಾರ್‌ಗೆ ಹೆಸರೂ ಬೇಡವಾಯಿತು, ಮಾನವೂ ಬೇಡವಾಯಿತು.

"ಹನ್ನೊಂದು ಪೈಲು ತಲೆಕೆಳಗಾಗಿ ನಿಂತವೆ. ತಪ್ಪು ನಂದೇ. ಆ ಮೂಲೇಲಿ ಮಕ್ಕಳನ್ನ ಕೂರಿಸ್‌ಬೇಡಿ."

ಶಿವಬಾಲನ್ ಅವನ ಹೆಗಲ ಮೇಲೆ ಕೈಹಾಕಿ ಮೈಕ್ ಕಿತ್ತುಕೊಂಡ. ಪೆರಿಯವರಿಗೆ ಕುಡಿತ ಹೆಚ್ಚಾಗಿದೆ, ಆದರೂ ಇವರ ಶ್ರಮ ಮರೆಯಬಾರದು ಎಂದ. ಜನ ಬಿದ್ದು ಬಿದ್ದು ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದ ಅಯ್ಯನಾರ್ ಪೊನ್ನಾಡೆ ಹೊದ್ದುಕೊಂಡೇ ಕೆಳಗಿಳಿದ.

ಜೆಯಂತಿ ಗೇಟಿನ ಹತ್ತಿರ ಕಾದಿದ್ದಳು. "ಸಭೇಲಿ ನಮ್ ಮಾನ ಕಳದ್‌ಬಿಟ್ಟೆ ಅಪ್ಪಾ. ಇನ್ನು ಇಸ್ಕೂಲ್ ಕಡೆ ತಲೆ ಹಾಕ್‌ಬೇಡ."

ಅವನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಓಡಿಬಂದ ಯುವಶ್ರೀ ತಾತನ ಬಾಯಿ ಮೂಸಿ ನೋಡಿ, ವಾಸನೆಯೇ ಇಲ್ಲವಲ್ಲ ಎಂದಳು. ಜೆಯಂತಿ ಅವಳ ಬೆನ್ನಿಗೊಂದು ಬಿಟ್ಟು, ಕೈಹಿಡಿದು ಮೂಲೆಯ ಕ್ಲಾಸಿನೊಳಗೆ ಕೂರಿಸಿ ಬಂದಳು.