ಮಡಿಲಲ್ಲಿದ್ದದ್ದಕ್ಕೆ ಲಗೇಜಿಲ್ಲ

ಇವತ್ತು ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮೊಬೈಲಿಗೊಂದು ಸಂದೇಶ ಬಂತು. ಹೋದ ವರ್ಷ ನನ್ನನ್ನು ಹೊತ್ತೊಯ್ದ ವಿಮಾನ ಕಂಪನಿ ಇನ್ನೂ ನನ್ನನ್ನು ಮರೆತಿಲ್ಲ. ಕಾಲು ಚಾಚಲು ಜಾಗ ಬೇಕಾದರೆ ಸ್ವಲ್ಪ ಹೆಚ್ಚು ಕೊಡಿ, ಕಿಟಕಿ ಬೇಕಾದರೆ ಇನ್ನೂ ಸ್ವಲ್ಪ ಕೊಡಿ ಎಂದು ಕೇಳುತ್ತಿತ್ತು. ಓದಿ ಒಬ್ಬನೇ ನಕ್ಕೆ. ಪಕ್ಕದಲ್ಲಿ ಕೂತಿದ್ದ ಸೊಪ್ಪು ಮಾರುವಾಕೆ ತನ್ನ ಕುಕ್ಕೆಯನ್ನು ಮೆಲ್ಲಗೆ ಆಚೆಗೆ ಎಳೆದುಕೊಂಡಳು. ಆಕೆಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ನಮ್ಮ ಚಿಕ್ಕಪ್ಪ ಕಾಮಸಮುದ್ರದಿಂದ ಬಂಗಾರಪೇಟೆಗೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಕೋಳಿ ಬುಟ್ಟಿ, ಹಲಸಿನಹಣ್ಣು, ಟೊಮೇಟೊ ಕ್ರೇಟು, ಯಾವುದಕ್ಕೆ ಲಗೇಜು ಟಿಕೆಟ್ಟು ಹಾಕಬೇಕು, ಯಾವುದಕ್ಕೆ ಬೇಡ ಎನ್ನುವುದರಲ್ಲಿ ಅವರದೇ ಒಂದು ಕಾನೂನಿತ್ತು. ಮಡಿಲಲ್ಲಿ ಇಟ್ಟುಕೊಂಡದ್ದಕ್ಕೆ ಲಗೇಜಿಲ್ಲ. ಆ ಕಾನೂನಿನ ಬಲದಿಂದ ಎಷ್ಟೋ ಜನ ಮುದುಕಿಯರು ಅರ್ಧ ಮೂಟೆ ಕಡಲೆಕಾಯಿಯನ್ನು ಮಗುವಿನಂತೆ ತಬ್ಬಿಕೊಂಡು ಬಂಗಾರಪೇಟೆ ಸೇರಿದ್ದುಂಟು. ಮಾಲೀಕರು ಗದರಿದರೂ ಚಿಕ್ಕಪ್ಪ ಬದಲಾಗಲಿಲ್ಲ. ಕೊನೆಯ ಕೆಲವು ವರ್ಷ ಮಾತ್ರ ಲಕ್ವ ಹೊಡೆದು ಹಾಸಿಗೆ ಹಿಡಿದರು. ಚಿಕ್ಕಮ್ಮ ನಾಗರತ್ನಮ್ಮ ದಿನಾ ಸಂಜೆ ಅವರ ಕಾಲುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿ ನೀವುತ್ತಿದ್ದರು. ನಾನು ಕೆ.ಜಿ.ಎಫ್.ನ ಕಾರ್ಖಾನೆಯ ಪಾಳಿ ಮುಗಿಸಿ ಯಾವಾಗ ಹೋದರೂ ಕಾಣುತ್ತಿದ್ದ ಚಿತ್ರ ಅದು.

ಚಿಕ್ಕಪ್ಪ ತೀರಿಕೊಂಡಾಗ, ಮಕ್ಕಳಿಲ್ಲದ ಅವರ ಕರ್ಮ ಮಾಡುವ ಪಾಲು ನನ್ನದಾಯಿತು. ಅಸ್ಥಿಯನ್ನು ಕಾಶಿಯಲ್ಲೇ ಬಿಡಬೇಕು ಎಂದು ಚಿಕ್ಕಮ್ಮ ಪಟ್ಟು ಹಿಡಿದರು. ಬಂಗಾರಪೇಟೆಯ ಪುರೋಹಿತರು ಒಪ್ಪಿ, ಒಂದು ಮಾತು ಸೇರಿಸಿದರು: ಗಂಗೆ ಮುಟ್ಟುವ ತನಕ ಅಸ್ಥಿಯ ಕುಡಿಕೆ ನೆಲ ಮುಟ್ಟಬಾರದು. ಒಳ್ಳೆಯವರೇ. ಆದರೆ ಮಾತಿನ ಅಕ್ಷರಕ್ಕೆ ಎಷ್ಟು ಅರ್ಥವಿದೆಯೋ ಅಷ್ಟನ್ನೂ ಹಿಂಡಿ ತೆಗೆಯುವವರು. ಹೇಳಿದವರಿಗಿಂತ ಕೇಳಿಸಿಕೊಂಡ ಚಿಕ್ಕಮ್ಮ ಇನ್ನೂ ಒಂದು ಕೈ ಮೇಲು. ಬಿಳಿ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆ ಮೊದಲು ಹಿತ್ತಲಿನ ಹೊಂಗೆ ಮರದಲ್ಲಿ ತೂಗಿತು, ಆಮೇಲೆ ಚಿಕ್ಕಮ್ಮನ ಕೈಯಲ್ಲಿ. ರೈಲಿನಲ್ಲಿ ಹೋಗಿ ಬರುವಷ್ಟು ರಜೆ ನನಗೆ ಸಿಗಲಿಲ್ಲ. ಅದಕ್ಕೇ ವಿಮಾನ. ಎಲ್ಲಕ್ಕಿಂತ ಅಗ್ಗದ ಟಿಕೆಟನ್ನು ನಾನೇ ಹುಡುಕಿ ತೆಗೆದು, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅದರ ಬಗ್ಗೆ ಸಣ್ಣದೊಂದು ಭಾಷಣವನ್ನೂ ಮಾಡಿದ್ದೆ.

ಅಗ್ಗ ಏಕೆ ಎಂಬುದು ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ತಿಳಿಯಿತು. ಒಬ್ಬರಿಗೆ ಒಂದೇ ಚೀಲ. ಚಿಕ್ಕಮ್ಮನ ಬಳಿ ಬಟ್ಟೆಯ ಚೀಲವೂ ಇತ್ತು, ಚಿಕ್ಕಪ್ಪನೂ ಇದ್ದರು. ಎರಡನೆಯದಕ್ಕೆ ಹಣ ಕಟ್ಟಬೇಕು, ಇಲ್ಲವೇ ಎರಡನ್ನೂ ಸೇರಿಸಿ ಒಂದು ಮಾಡಬೇಕು ಎಂದು ಕೌಂಟರಿನ ಹುಡುಗಿ ವಿನಯದಿಂದಲೇ ಹೇಳಿದಳು. ಅವಳು ಹೇಳಿದ ಹಣಕ್ಕೆ ಆ ಚೀಲ, ಅದರೊಳಗಿನ ಸೀರೆ, ಚಕ್ಕುಲಿ ಎಲ್ಲವನ್ನೂ ಎರಡು ಸಲ ಕೊಳ್ಳಬಹುದಿತ್ತು.

ಚಿಕ್ಕಮ್ಮ ದನಿ ಏರಿಸಲಿಲ್ಲ. "ನೋಡಮ್ಮ, ನಮ್ಮನೆಯೋರು ಕಂಡಕ್ಟ್ರು. ಮಡಿಲಾಗೆ ಇಟ್ಕೊಂಡಿದ್ದಕ್ಕೆ ಲಗೇಜಿಲ್ಲ ಅಂತ ಅವರೇ ಯೋಳವ್ರೆ" ಎಂದರು.

ಹುಡುಗಿ ಆ ಕಂಡಕ್ಟರು ಎಲ್ಲಿ ಎಂದು ನನ್ನ ಹಿಂದೆ ನೋಡಿದಳು. ಚಿಕ್ಕಮ್ಮ ಕುಡಿಕೆಯನ್ನು ಸ್ವಲ್ಪ ಮುಂದೆ ಹಿಡಿದರು.

ಪಾಪ, ಆಕೆ ನಿಜವಾಗಿಯೂ ಸಹಾಯ ಮಾಡಲು ಹೊರಟಳು. ಇನ್ನೊಂದು ಸೀಟನ್ನೇ ಕೊಂಡರೆ ಅದರ ಮೇಲೆ ಇಡಬಹುದು ಎಂದಳು. ಅದಕ್ಕೆ ಕಂಪ್ಯೂಟರು ಪ್ರಯಾಣಿಕರ ಹೆಸರು, ವಯಸ್ಸು, ಗುರುತಿನ ಚೀಟಿ ಕೇಳಿತು. ನನ್ನ ಜೇಬಿನಲ್ಲಿ ಚಿಕ್ಕಪ್ಪನ ಆಧಾರ್ ಇತ್ತು, ಅದರ ಬೆನ್ನಿಗೇ ಮರಣ ಪ್ರಮಾಣಪತ್ರವೂ ಇತ್ತು. ಎರಡನ್ನೂ ಕೊಟ್ಟೆ. ಆಕೆ ಒಂದನ್ನು ಓದಿ, ಇನ್ನೊಂದನ್ನು ಓದಿ, ಯಾವುದನ್ನು ನಂಬಬೇಕೋ ತಿಳಿಯದೆ ಎರಡನ್ನೂ ಹಿಂದಿರುಗಿಸಿದಳು. ಅಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಈ ವಿಮಾನ ತಪ್ಪಿದರೆ ಇನ್ನೊಂದಕ್ಕೆ ನನ್ನ ರಜೆಯಲ್ಲಿ ಎಡೆಯಿರಲಿಲ್ಲ.

ನಾನು ಒಂದು ಬದಿಗೆ ಸರಿದು, ನನ್ನ ಚೀಲದಲ್ಲಿದ್ದ ಅಂಗಿಗಳನ್ನೆಲ್ಲ ಒಂದರ ಮೇಲೊಂದು ತೊಟ್ಟುಕೊಂಡೆ. ಮೇಲೆ ಸ್ವೆಟರು, ಕತ್ತಿಗೆ ಪಂಚೆ. ಖಾಲಿಯಾದ ಜಾಗಕ್ಕೆ ಚಿಕ್ಕಮ್ಮನ ಚೀಲ ಹೋಯಿತು. ಕಾಶಿಗೆ ಹೋಗುವವನು ಬಟ್ಟೆಬರೆಯ ಮೇಲಿನ ಆಸೆ ಬಿಡಬೇಕೆಂದು ಕೇಳಿದ್ದೆ. ನಾನು ಎಲ್ಲವನ್ನೂ ಹೊತ್ತುಕೊಂಡು ಬೆವರುತ್ತ ಹೊರಟೆ. ತಪಾಸಣೆಯ ಪೊಲೀಸಿನವನು ನನ್ನನ್ನು ಪದರ ಪದರವಾಗಿ ತಡವಿ ನೋಡಿದ. ಮರಣ ಪ್ರಮಾಣಪತ್ರ ಓದಿದ ಮೇಲೆ ಮಾತ್ರ ಕುಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಚಿಕ್ಕಮ್ಮನಿಗೆ ಕೊಟ್ಟ.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಅಂದುಕೊಂಡೆ. ಸೀಟಿನಲ್ಲಿ ಕೂತ ಮೇಲೆ ಚಿಕ್ಕಮ್ಮನಿಗೆ ಹೊಸ ಅನುಮಾನ ಬಂತು. ವಿಮಾನದ ನೆಲ ನೆಲವೋ ಅಲ್ಲವೋ? ನಾನು ಪುರೋಹಿತರಿಗೆ ಫೋನು ಮಾಡಿದೆ. ಅವರು ಸ್ವಲ್ಪ ಯೋಚಿಸಿ, ಚಕ್ರ ಭೂಮಿಗೆ ತಗುಲಿರುವ ತನಕ ಅದು ನೆಲವೇ, ಮೇಲಕ್ಕೆ ಎದ್ದ ಮೇಲೆ ಅಲ್ಲ ಎಂದು ತೀರ್ಪು ಕೊಟ್ಟರು. ನಾನು ಫೋನು ಆರಿಸುವಷ್ಟರಲ್ಲಿ ಗಗನಸಖಿ ಬಂದಳು. ಅವಳ ತೀರ್ಪು ಸರಿಯಾಗಿ ತಿರುಗುಮುರುಗು. ವಿಮಾನ ಮೇಲೇಳುವ ತನಕ ಕುಡಿಕೆ ಮುಂದಿನ ಸೀಟಿನ ಕೆಳಗೆ ಇರಬೇಕು, ಎದ್ದ ಮೇಲೆ ಬೇಕಾದರೆ ಮಡಿಲಿಗೆ ತೆಗೆದುಕೊಳ್ಳಬಹುದು. ಇಲ್ಲವಾದರೆ ತಲೆಯ ಮೇಲಿನ ಪೆಟ್ಟಿಗೆ.

ಪೆಟ್ಟಿಗೆಯ ಮುಚ್ಚಳ ಹಾಕುವುದನ್ನು ನೋಡಿ ಚಿಕ್ಕಮ್ಮ ಬೇಡವೆಂದು ತಲೆಯಾಡಿಸಿದರು. ಲಕ್ವ ಹೊಡೆದ ಮೇಲೆ ಚಿಕ್ಕಪ್ಪನಿಗೆ ಕತ್ತಲೆಂದರೆ ಆಗುತ್ತಿರಲಿಲ್ಲ. ದೀಪ ಆರಿಸಿದರೆ ಕೂಗುತ್ತಿದ್ದರು. ಸುತ್ತಲಿನವರು ತಿರುಗಿ ನೋಡತೊಡಗಿದರು. ಅಂಗಿಗಳ ಪದರದೊಳಗೆ ನನಗೆ ಮೈಯೆಲ್ಲ ಬೆವರು. ಅಷ್ಟೂ ದಿನ ಒಂದು ಹನಿ ಕಣ್ಣೀರು ಹಾಕದ ಚಿಕ್ಕಮ್ಮ ಕುಡಿಕೆಯನ್ನು ಎದೆಗೆ ಒತ್ತಿಕೊಂಡರು.

ಆಮೇಲೆ ಅವರು ಬಗ್ಗಿ ಚಪ್ಪಲಿ ಕಳಚಿದರು. ಎರಡೂ ಪಾದಗಳನ್ನು ಜೋಡಿಸಿ ಮುಂದಿನ ಸೀಟಿನ ಕೆಳಗೆ ಚಾಚಿದರು. ಆ ಪಾದಗಳ ಮೇಲೆ ಕುಡಿಕೆಯನ್ನು ಇಟ್ಟು, ಕೈ ಕೆಳಗೆ ಬಿಟ್ಟು ಹಿಡಿದುಕೊಂಡರು. ಸೀಟಿನ ಕೆಳಗೆ ಇತ್ತು, ನೆಲದ ಮೇಲೆ ಇರಲಿಲ್ಲ.

"ಕಾಲ ಮೇಲಾ ಚಿಕ್ಕಮ್ಮ?" ಎಂದು ನನಗೇ ತಿಳಿಯದೆ ಕೇಳಿಬಿಟ್ಟೆ.

"ಅಷ್ಟು ವರ್ಸ ಅವರ ಕಾಲು ನನ್ನ ತೊಡೆ ಮ್ಯಾಲಿತ್ತಲ್ಲ, ಇವತ್ತೊಂದಿನ ಇಂಗಿರ್ಲಿ ಕಣ್ಲಾ. ಅವರೇನೂ ಅನ್ಕೊಳಾಕಿಲ್ಲ."

ಗಗನಸಖಿ ಬಗ್ಗಿ ನೋಡಿದಳು. ಅವಳಿಗೆ ಕನ್ನಡ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬೆಲ್ಟನ್ನು ತಾನೇ ಬಿಗಿ ಮಾಡಿ, ಹೋಗುವಾಗ ಚಿಕ್ಕಮ್ಮನ ಹೆಗಲನ್ನು ಒಮ್ಮೆ ಮುಟ್ಟಿದಳು. ವಿಮಾನ ಎದ್ದಿತು. ಮೋಡ ದಾಟಿದ ಮೇಲೆ ಕುಡಿಕೆ ಮಡಿಲಿಗೆ ಬಂತು. ಚಿಕ್ಕಮ್ಮ ಅದರ ಮೇಲೆ ಗಲ್ಲವಿಟ್ಟು, ನೀರು ಕೇಳುವವರಿಲ್ಲ, ಮಗ್ಗುಲು ಹೊರಳಿಸಬೇಕಾದವರಿಲ್ಲ ಎಂದು ಆಗ ತಾನೇ ಗೊತ್ತಾದವರಂತೆ, ಗೊರಕೆ ಹೊಡೆದು ನಿದ್ದೆ ಮಾಡಿದರು. ನಾನು ಒಂದೊಂದೇ ಅಂಗಿ ಕಳಚುತ್ತ ಕೂತೆ.

ಗಂಗೆಯಲ್ಲಿ ಎಲ್ಲವೂ ಸರಾಗವಾಗಿ ಆಯಿತು. ನದಿ ಯಾರನ್ನೂ ಏನೂ ಕೇಳಲಿಲ್ಲ. ದೋಣಿಯಿಂದ ಇಳಿದ ಮೇಲೆ ಚಿಕ್ಕಮ್ಮ ಖಾಲಿ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಸೆರಗಿನ ತುದಿ ಸುತ್ತುತ್ತ ಬಿಚ್ಚುತ್ತ ನಿಂತಿದ್ದರು. ಅಳು ಆಗ ಬಂತು. ಅತ್ತು ಮುಗಿಸಿ, ಹಸಿವು ಎಂದರು.

ಮೊನ್ನೆ ವರ್ಷದ ತಿಥಿಗೆ ಕಾಮಸಮುದ್ರಕ್ಕೆ ಹೋಗಿದ್ದೆ. ಕಾಗೆ ಪಿಂಡ ಮುಟ್ಟುವ ತನಕ ಯಾರೂ ಎಲೆಯ ಮುಂದೆ ಕೂರಬಾರದು ಎಂದು ಪುರೋಹಿತರು ಹೇಳಿ ಹೋಗಿದ್ದರು. ಬಿಸಿಲು ನೆತ್ತಿಗೇರಿತು, ಕಾಗೆಯ ಸುಳಿವಿಲ್ಲ. ಚಿಕ್ಕಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತು ಮೀರುತ್ತಿತ್ತು. ಪುರೋಹಿತರಿಗೆ ಮತ್ತೆ ಫೋನು ಮಾಡಿ ಕೇಳಲೇ ಎಂದೆ. ಚಿಕ್ಕಮ್ಮ ಹಿತ್ತಲಲ್ಲಿ ಇಟ್ಟಿದ್ದ ಪಿಂಡದ ಕಡೆಗೊಮ್ಮೆ ನೋಡಿ, ಎಲೆ ಹಾಸಿ ಕೂತೇಬಿಟ್ಟರು.

"ಬತ್ತಾರೆ ಬುಡು. ಊಟಕ್ಕೆ ಅವರು ಯಾವತ್ತು ಸರಿಯಾದ ಟೈಮಿಗೆ ಬಂದಿದ್ರು?"

ನಾನೂ ಪಕ್ಕದಲ್ಲಿ ಕೂತೆ. ಕೈತೊಳೆದುಕೊಂಡು ಹಿತ್ತಲಿಗೆ ಬಂದಾಗ ಪಿಂಡದ ಎಲೆ ಖಾಲಿಯಾಗಿತ್ತು. ಯಾರು ತಿಂದರೆಂದು ನಾವಿಬ್ಬರೂ ವಿಚಾರಿಸಲಿಲ್ಲ.